ಹಸಿರು ದೀಪ ಉರಿಯುತ್ತಲೇ ಇತ್ತು

ಕಳೆದ ವರ್ಷದ ಜನವರಿಯಲ್ಲಿ ಅಣ್ಣನ ಮಗಳ ಮದುವೆಗೆಂದು ನಾವು ಮನೆಮಂದಿಯೆಲ್ಲ ಎರಡು ದಿನ ಹಾಸನಕ್ಕೆ ಹೋಗಿದ್ದೆವು. ನಮ್ಮ ತೋಟದಲ್ಲಿ ಅರೇಬಿಕಾ ಕಾಫಿಯ ಕೊಯ್ಲು ಮುಗಿಯುತ್ತ ಬಂದಿತ್ತು. ಹಣ್ಣಿನ ಸಿಪ್ಪೆ ತೆಗೆದು ಕಣದಲ್ಲಿ ಒಣಗಿಸಿದ್ದ ಕಾಫಿಬೀಜವನ್ನು, ಅಂದರೆ ಪಾರ್ಚ್‌ಮೆಂಟನ್ನು ಚೀಲಕ್ಕೆ ತುಂಬಿಸಿ, ಗೋಡೌನಿನಲ್ಲಿ ಜೋಡಿಸಿ, ಬೀಗ ಹಾಕಿ, ಅಲಾರಂ ಪ್ಯಾನೆಲ್ಲಿನಲ್ಲಿ ಹಸಿರು ದೀಪ ಉರಿಯುತ್ತಿರುವುದನ್ನು ಎರಡೆರಡು ಸಲ ನೋಡಿಕೊಂಡೇ ಕಾರು ಹತ್ತಿದ್ದೆ. ಮರಳಿ ಬಂದಾಗ ಗೋಡೌನಿನ ಬೀಗ ನೆಲದ ಮೇಲೆ ಬಿದ್ದಿತ್ತು, ನಾಲ್ಕು ಚೀಲ ಇರಲಿಲ್ಲ, ಮನೆಯೊಳಗೆ ಪ್ಯಾನೆಲ್ಲಿನ ಹಸಿರು ದೀಪ ನಾನು ಬಿಟ್ಟುಹೋದಂತೆಯೇ ಉರಿಯುತ್ತಿತ್ತು. ಫೋನಿಗೆ ಒಂದು ಕರೆಯೂ ಬಂದಿರಲಿಲ್ಲ. ಸೈರನ್ ಕೂಗಿದ್ದನ್ನು ತೋಟದ ಆಳುಗಳಿರುವ ಲೈನ್ ಮನೆಯವರಲ್ಲಿ ಯಾರೂ ಕೇಳಿರಲಿಲ್ಲ. ಪೊಲೀಸರು ಬಂದು ಮಹಜರು ಮಾಡಿದರು, ದೂರು ದಾಖಲಾಯಿತು. ನಾಲ್ಕು ಚೀಲ ಎಂದರೆ ಇನ್ನೂರು ಕಿಲೋ, ಒಂದು ವರ್ಷದ ದುಡಿಮೆಯಲ್ಲಿ ಅದು ಸಣ್ಣ ಪಾಲೇನಲ್ಲ. ಆದರೂ ಅಂದು ರಾತ್ರಿ ನನಗೆ ನಿದ್ದೆ ಬಾರದಂತೆ ಮಾಡಿದ್ದು ಹೋದ ಚೀಲಗಳಲ್ಲ, ಉರಿಯುತ್ತಲೇ ಇದ್ದ ಆ ದೀಪ.

ಮೂಡಿಗೆರೆ ಸೀಮೆಯ ತೋಟದ ಮನೆಗಳಲ್ಲಿ ಈಗ ವೈರ್‌ಲೆಸ್ ಅಲಾರಂ ಇರುವವರು ಬಹಳ ಮಂದಿ. 2024ರ ಕೊನೆ ಮತ್ತು 2025ರ ಆರಂಭದಲ್ಲಿ ಕಾಫಿ ಬೆಲೆ ಹಿಂದೆಂದೂ ಕಾಣದಷ್ಟು ಏರಿದ ಮೇಲೆ ಕಣ ಕಾಯುವುದು ಎಲ್ಲರಿಗೂ ಚಿಂತೆಯ ವಿಷಯವಾಗಿದೆ. ಅವರಿಗಾದರೂ ಉಪಯೋಗವಾಗಲಿ ಎಂದು, ಆ ಜನವರಿಯಿಂದ ಈಚೆಗೆ ನಾನು ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಯಾವ ಕಂಪನಿಯದನ್ನು ಕೊಳ್ಳಬೇಕು ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಕೊಂಡ ಮೇಲೆ ಅದನ್ನು ಹೇಗೆ ನೋಡಿಕೊಳ್ಳಬೇಕು ಎಂಬುದರ ಬಗ್ಗೆ ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ. ನನಗೆ ನಷ್ಟವಾದದ್ದು ಅಲ್ಲಿಯೇ.

ಕಳವಾದ ಮಾರನೆಯ ದಿನ ಗೋಡೌನಿನ ಬಾಗಿಲ ಸೆನ್ಸರನ್ನು ಬಿಚ್ಚಿ ಜಗಲಿಯ ಮೇಲೆ ಕುಳಿತೆ. ಬೆರಳಷ್ಟು ದಪ್ಪದ ಬಿಳಿ ಡಬ್ಬಿ, ಅದರ ಹೊಟ್ಟೆಯಲ್ಲಿ 12 ವೋಲ್ಟಿನ 23ಎ ಎಂಬ ಪುಟ್ಟ ಸೆಲ್. ಕೆಲವು ಕಾರುಗಳ ರಿಮೋಟಿನಲ್ಲಿ, ಕರೆಗಂಟೆಯ ಗುಂಡಿಯಲ್ಲಿ ಹಾಕುವುದೂ ಇದನ್ನೇ. ಹೊರಗಿನ ತಗಡು ಸುಲಿದರೆ ಒಳಗೆ ಎಂಟು ಗುಂಡಿ ಸೆಲ್‌ಗಳು ಒಂದರ ಮೇಲೊಂದು ಕುಳಿತಿರುತ್ತವೆ. ಮಲ್ಟಿಮೀಟರ್ ಹಿಡಿದರೆ 8.6 ವೋಲ್ಟ್ ತೋರಿಸಿತು. ಡಬ್ಬಿಗೆ ಜೋಡಿಯಾಗಿ ಬಾಗಿಲಿಗೆ ಹಾಕುವ ಅಯಸ್ಕಾಂತವನ್ನು ದೂರ ಸರಿಸಿದಾಗ ಡಬ್ಬಿಯ ಕೆಂಪು ದೀಪ ಮಿನುಗಿತು, ಆದರೆ ಪ್ಯಾನೆಲ್ ಸುಮ್ಮನಿತ್ತು. ಅದೇ ಡಬ್ಬಿಯನ್ನು ಕೈಯಲ್ಲಿ ಹಿಡಿದು ನಡುಮನೆಗೆ ಹೋಗಿ, ಪ್ಯಾನೆಲ್ಲಿನಿಂದ ಎರಡು ಮಾರು ದೂರದಲ್ಲಿ ನಿಂತು ಮತ್ತೆ ಅಯಸ್ಕಾಂತ ಸರಿಸಿದೆ. ಸೈರನ್ ಮನೆ ಹಾರಿಹೋಗುವಂತೆ ಕೂಗಿಕೊಂಡಿತು. ಅಲ್ಲಿಗೆ ವಿಷಯ ಸ್ಪಷ್ಟವಾಯಿತು. ಸೆಲ್ ಪೂರ್ತಿ ಸತ್ತಿರಲಿಲ್ಲ, ಅದರ ದನಿ ಸೊರಗಿತ್ತು. ದೀಪ ಹೊತ್ತಿಸುವಷ್ಟು ಶಕ್ತಿ ಇತ್ತು. ಗೋಡೌನಿನಿಂದ ಮನೆಯವರೆಗಿನ ಅರವತ್ತು ಮೀಟರ್ ದಾಟಿಸಿ ಕೂಗಿ ಹೇಳುವಷ್ಟು ಇರಲಿಲ್ಲ. ಕಳ್ಳರು ಬಾಗಿಲು ತೆರೆದಾಗ ಈ ಡಬ್ಬಿ ತನ್ನ ಕೆಲಸವನ್ನು ತಾನು ಮಾಡಿಯೇ ಇತ್ತು, ಕೇಳಿಸಿಕೊಳ್ಳುವವರಿಗೆ ಅದು ಮುಟ್ಟಲಿಲ್ಲ ಅಷ್ಟೆ.

ಹಿಂದಿನ ಕಾಲದ ತಂತಿಯ ಅಲಾರಂಗಳಲ್ಲಿ ಈ ತೊಂದರೆಗೆ ಒಂದು ಒಳ್ಳೆಯ ಉಪಾಯವಿತ್ತು. ಬಾಗಿಲಿನಿಂದ ಪ್ಯಾನೆಲ್ಲಿನವರೆಗೆ ತಂತಿಯಲ್ಲಿ ಸದಾ ಸಣ್ಣ ಪ್ರವಾಹ ಹರಿಯುತ್ತಿರುತ್ತದೆ. ಬಾಗಿಲು ತೆರೆದರೂ ಅದು ನಿಲ್ಲುತ್ತದೆ, ತಂತಿ ಕತ್ತರಿಸಿದರೂ ನಿಲ್ಲುತ್ತದೆ, ಇಲಿ ಕಡಿದರೂ ನಿಲ್ಲುತ್ತದೆ, ನಿಂತ ಕ್ಷಣ ಗಂಟೆ ಬಾರಿಸುತ್ತದೆ. ಅಂದರೆ ಅಲ್ಲಿ ಮೌನವೇ ಎಚ್ಚರಿಕೆ. ನನ್ನಲ್ಲಿದ್ದಂಥ ಅಗ್ಗದ ವೈರ್‌ಲೆಸ್ ಕಿಟ್ಟಿನಲ್ಲಿ ಇದು ತಲೆಕೆಳಗಾಗಿದೆ. 433 ಮೆಗಾಹರ್ಟ್ಸ್‌ನಲ್ಲಿ ಮಾತಾಡುವ ಆ ಸೆನ್ಸರುಗಳು ಬಾಗಿಲು ತೆರೆದಾಗ ಒಮ್ಮೆ ಕೂಗುತ್ತವೆ, ಉಳಿದಂತೆ ಸುಮ್ಮನಿರುತ್ತವೆ. ಪ್ಯಾನೆಲ್ ಅವುಗಳಿಗೆ ಮರುಮಾತು ಹೇಳುವುದಿಲ್ಲ. ಹೀಗಾಗಿ ಬಾಗಿಲು ಭದ್ರವಾಗಿರುವುದಕ್ಕೂ ಸೆನ್ಸರ್ ಸತ್ತು ಬಿದ್ದಿರುವುದಕ್ಕೂ ಪ್ಯಾನೆಲ್ಲಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಹಸಿರು ದೀಪದ ಅರ್ಥ ‘ಎಲ್ಲ ಸರಿಯಾಗಿದೆ’ ಎಂದು ನಾನು ಮೂರು ವರ್ಷ ತಿಳಿದುಕೊಂಡಿದ್ದೆ. ಅದರ ನಿಜವಾದ ಅರ್ಥ ‘ನನಗೆ ಯಾರೂ ಏನೂ ಹೇಳಿಲ್ಲ’ ಎಂಬುದಷ್ಟೆ.

ಕಳವಿನ ನಂತರ ನಾನು ಕೊಂಡ ವ್ಯವಸ್ಥೆಯಲ್ಲಿ ಎರಡೂ ಕಡೆಯಿಂದ ಮಾತುಕತೆ ನಡೆಯುತ್ತದೆ. ಪ್ರತಿ ಸೆನ್ಸರೂ ನಿಗದಿತ ಅವಧಿಗೊಮ್ಮೆ ‘ನಾನಿದ್ದೇನೆ’ ಎಂದು ಹಾಜರಿ ಹಾಕುತ್ತದೆ. ತಯಾರಕರ ಆಯ್ಕೆಯಂತೆ ಈ ಅವಧಿ ಕೆಲವು ನಿಮಿಷಗಳಿಂದ ಕೆಲವು ಗಂಟೆಗಳವರೆಗೆ ಇರುತ್ತದೆ. ಹಾಜರಿ ತಪ್ಪಿದರೆ ಪ್ಯಾನೆಲ್ ದೋಷ ತೋರಿಸಿ ಫೋನಿಗೆ ಸಂದೇಶ ಕಳುಹಿಸುತ್ತದೆ. ಕೊಳ್ಳುವ ಮುನ್ನ ಅಂಗಡಿಯವರನ್ನು ಒಂದೇ ಪ್ರಶ್ನೆ ಕೇಳುವುದಾದರೆ, ‘ಸೆನ್ಸರಿನ ಸೆಲ್ ತೆಗೆದಿಟ್ಟರೆ ಪ್ಯಾನೆಲ್ಲಿಗೆ ಎಷ್ಟು ಹೊತ್ತಿನಲ್ಲಿ ಗೊತ್ತಾಗುತ್ತದೆ’ ಎಂದು ಕೇಳಿ. ಉತ್ತರ ತಡವರಿಸಿದರೆ ಬೇರೆ ಅಂಗಡಿ ನೋಡುವುದು ಲೇಸು. ಸೆಲ್ ಇಳಿಯುತ್ತಿರುವುದನ್ನು ಮೊದಲೇ ಹೇಳುವುದು, ಮುಚ್ಚಳ ಬಿಚ್ಚಿದರೆ ಕೂಗುವುದು, ರಿಮೋಟಿನ ಸಂಕೇತ ಪ್ರತಿ ಸಲವೂ ಬದಲಾಗುವುದು, ಇವೂ ಬೇಕಾದವೇ. ಹಳೆಯ ಕಿಟ್ಟುಗಳ ರಿಮೋಟು ಸದಾ ಒಂದೇ ಸಂಕೇತ ಕಳುಹಿಸುತ್ತದೆ. ಅದನ್ನು ಒಮ್ಮೆ ಹಿಡಿದಿಟ್ಟುಕೊಂಡವನು ಮತ್ತೆ ಅದನ್ನೇ ಕಳುಹಿಸಿ ನಮ್ಮ ಅಲಾರಂ ಆರಿಸಬಹುದು. ಅಮೆರಿಕದಲ್ಲಿರುವ ತಂಗಿಯ ಮಗ ಅಲ್ಲಿಂದಲೇ ಒಂದು ಸೆಟ್ ತಂದುಕೊಡುತ್ತೇನೆಂದ, ಬೇಡವೆಂದೆ. ಅಲ್ಲಿನ ಸಾಧನಗಳ ರೇಡಿಯೋ ಆವರ್ತನ ಬೇರೆ, ಇಲ್ಲಿ ಪರವಾನಗಿ ಇಲ್ಲದೆ ಬಳಸಬಹುದಾದ 865ರಿಂದ 868 ಮೆಗಾಹರ್ಟ್ಸ್ ಪಟ್ಟಿ ಬೇರೆ. ಅಲ್ಲಿನ ಕರೆಂಟು 120 ವೋಲ್ಟ್, ನಮ್ಮದು 230.

ಇನ್ನು ಬಾಗಿಲ ಸೆನ್ಸರಿನ ವಿಷಯ. ಮಲೆನಾಡಿನಲ್ಲಿ ಅತಿ ಹೆಚ್ಚು ಕಾಟ ಕೊಡುವುದು ಇದೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದರೊಳಗೆ ಗಾಜಿನ ಕಿರುನಳಿಗೆಯೊಂದಿದೆ, ಆ ನಳಿಗೆಯೊಳಗೆ ಕೂದಲೆಳೆಯಷ್ಟು ಅಂತರದಲ್ಲಿ ಎರಡು ತೆಳುವಾದ ಲೋಹದ ನಾಲಿಗೆಗಳಿವೆ. ಅಯಸ್ಕಾಂತ ಹತ್ತಿರವಿದ್ದಾಗ ನಾಲಿಗೆಗಳು ಒಂದನ್ನೊಂದು ಮುಟ್ಟುತ್ತವೆ, ದೂರವಾದಾಗ ಬಿಡುತ್ತವೆ. ಇದಕ್ಕೆ ರೀಡ್ ಸ್ವಿಚ್ ಎಂದು ಹೆಸರು. 1936ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ವಾಲ್ಟರ್ ಎಲ್ವುಡ್ ಇದನ್ನು ರೂಪಿಸಿದರು. ಗಾಜಿನೊಳಗೆ ಮುಚ್ಚಿಹೋಗಿರುವುದರಿಂದ ನಮ್ಮ ತೇವಕ್ಕೆ ಅದು ತುಕ್ಕು ಹಿಡಿಯುವುದಿಲ್ಲ. ತೊಂದರೆ ಬರುವುದು ಬಾಗಿಲಿನಿಂದ. ನಮ್ಮ ಹಿತ್ತಿಲ ಬಾಗಿಲು ಹಲಸಿನ ಮರದ್ದು, ಅಜ್ಜನ ಕಾಲದ್ದು. ಏಪ್ರಿಲ್ ತಿಂಗಳಲ್ಲಿ ಅದನ್ನು ಒಂದು ಬೆರಳಿನಿಂದ ತಳ್ಳಿದರೂ ಚೌಕಟ್ಟಿನೊಳಗೆ ಹೋಗಿ ಕೂರುತ್ತದೆ. ಜುಲೈ ಬಂತೆಂದರೆ ಮರ ನೀರು ಕುಡಿದು ಉಬ್ಬಿ, ಭುಜ ಕೊಟ್ಟು ನೂಕಿದರೂ ಅರ್ಧ ಅಂಗುಲ ಹೊರಗೇ ನಿಲ್ಲುತ್ತದೆ. ಅಯಸ್ಕಾಂತಕ್ಕೂ ಡಬ್ಬಿಗೂ ನಡುವೆ ಒಂದು ಸೆಂಟಿಮೀಟರ್ ಅಂತರವಿರಲಿ ಎಂದು ಬೇಸಿಗೆಯಲ್ಲಿ ಅಳೆದು ಅಂಟಿಸಿದ್ದು, ಮಳೆಗಾಲದಲ್ಲಿ ಎರಡೂಕಾಲು ಸೆಂಟಿಮೀಟರ್ ಆಯಿತು. ಅಗಳಿ ಹಾಕಿದ್ದರೂ ಪ್ಯಾನೆಲ್ ‘ಬಾಗಿಲು ತೆರೆದಿದೆ’ ಎಂದು ಹಟ ಹಿಡಿಯಿತು.

ಆಗ ತೋಟದ ಲೆಕ್ಕಪತ್ರ ನೋಡಿಕೊಳ್ಳುವ ನಮ್ಮ ರೈಟರು ಎಲ್ಲರೂ ಮಾಡುವುದನ್ನೇ ಮಾಡಿದರು. ದಿನಾ ಸಂಜೆ ತಕರಾರು ತೆಗೆಯುವ ಆ ಬಾಗಿಲನ್ನು ಪ್ಯಾನೆಲ್ಲಿನ ಪಟ್ಟಿಯಿಂದ ಬೈಪಾಸ್ ಮಾಡಿಬಿಟ್ಟರು. ತಾತ್ಕಾಲಿಕವಾಗಿ ಎಂದುಕೊಂಡೇ ಮಾಡಿದ್ದು. ಆದರೆ ಹಾಗೆ ಬಿಟ್ಟ ಬಾಗಿಲನ್ನು ಮತ್ತೆ ಸೇರಿಸಿಕೊಳ್ಳುವುದು ಅವರಿಗೂ ನೆನಪಾಗಲಿಲ್ಲ, ನನಗೂ ತಿಳಿಯಲಿಲ್ಲ. ಅಕ್ಟೋಬರಿನಲ್ಲಿ ಒಂದೊಂದೇ ಬಾಗಿಲು ತೆರೆದು ಪರೀಕ್ಷಿಸುವಾಗ ಹಿತ್ತಿಲ ಬಾಗಿಲು ಮೌನವಾಗಿದ್ದುದರಿಂದ ವಿಷಯ ಹೊರಬಿತ್ತು. ನಾಲ್ಕು ತಿಂಗಳು ಆ ಬಾಗಿಲಿಗೆ ಕಾವಲೇ ಇರಲಿಲ್ಲ. ಅದಾದ ಮೇಲೆ ಆಚಾರಿಯನ್ನು ಕರೆಸಿ ಬಾಗಿಲಿನ ಅಂಚನ್ನು ಉಜ್ಜಿಸಿ, ಬಿಸಿಲಿನಲ್ಲಿ ಒಣಗಿದಾಗ ಎಣ್ಣೆ ಹೊಡೆಸಿದೆ. ಅಯಸ್ಕಾಂತವನ್ನು ಹಿಡಿಯ ಕಡೆಗಿನ ಮೂಲೆಯಿಂದ ತೆಗೆದು, ಉಬ್ಬುವಿಕೆ ಕಡಿಮೆ ಇರುವ ಮೇಲಿನ ಪಟ್ಟಿಗೆ, ಕೆಳಗೊಂದು ತೆಳು ಮರದ ತುಂಡು ಕೊಟ್ಟು ತಿರುಪುಮೊಳೆಯಿಂದ ಕೂರಿಸಿದೆ. ಜೊತೆಗೆ ಬರುವ ಎರಡು ಬದಿಯ ಅಂಟುಪಟ್ಟಿಯನ್ನು ನಮ್ಮ ಹವೆಯಲ್ಲಿ ನಂಬಬಾರದು. ಆಷಾಢದ ಒಂದು ವಾರದ ಮಳೆಗೆ ಅದು ಗೋಡೆಯ ಸುಣ್ಣವನ್ನೂ ಕಿತ್ತುಕೊಂಡು ಕೆಳಗೆ ಬೀಳುತ್ತದೆ.

ಚಲನೆ ಗುರುತಿಸುವ ಸೆನ್ಸರ್‌ಗೆ ಪಿಐಆರ್ ಎನ್ನುತ್ತಾರೆ. ಅದು ಕ್ಯಾಮೆರಾ ಅಲ್ಲ, ಯಾರನ್ನೂ ನೋಡುವುದಿಲ್ಲ. ಶಾಖದಲ್ಲಿ ಆಗುವ ದಿಢೀರ್ ಬದಲಾವಣೆಯನ್ನು ಮಾತ್ರ ಗುರುತಿಸುತ್ತದೆ. ನಮ್ಮ ಮೈಯಿಂದ ಸದಾ ಹೊರಡುವ ಅವಗೆಂಪು ಕಿರಣಗಳು ಸುಮಾರು 9ರಿಂದ 10 ಮೈಕ್ರೋಮೀಟರ್ ತರಂಗಾಂತರದಲ್ಲಿ ಹೆಚ್ಚಿರುತ್ತವೆ. ಮುಂಭಾಗದ ಉಬ್ಬಿದ ಹಾಲುಬಣ್ಣದ ಪ್ಲಾಸ್ಟಿಕ್ಕನ್ನು ಬೆಳಕಿಗೆ ಹಿಡಿದರೆ ಗೆರೆ ಗೆರೆಯಾಗಿ ಕಾಣುತ್ತದಲ್ಲ, ಅದು ಫ್ರೆನೆಲ್ ಮಸೂರ. ಕೋಣೆಯನ್ನು ಬೀಸಣಿಗೆಯ ಎಸಳುಗಳಂತೆ ಭಾಗ ಮಾಡಿ ಆ ಕಿರಣಗಳನ್ನು ಒಳಗಿನ ಚುಕ್ಕೆಯ ಮೇಲೆ ಬೀಳಿಸುತ್ತದೆ. ಮನುಷ್ಯ ಒಂದು ಎಸಳಿನಿಂದ ಇನ್ನೊಂದಕ್ಕೆ ದಾಟಿದಾಗ ಶಾಖ ಏರಿಳಿದು ಅಲಾರಂ ಆಗುತ್ತದೆ. ಆದ್ದರಿಂದ ಅದರ ಎದುರಿಗೆ ನೇರವಾಗಿ ನಡೆದು ಬರುವವನಿಗಿಂತ ಅಡ್ಡ ಹಾಯುವವನು ಬೇಗ ಸಿಕ್ಕಿಬೀಳುತ್ತಾನೆ. ಇದನ್ನು ತಿಳಿದ ಮೇಲೆ ನಡುಮನೆಯ ಸೆನ್ಸರನ್ನು ಬಾಗಿಲಿನ ಎದುರು ಗೋಡೆಯಿಂದ ತೆಗೆದು, ನೆಲದಿಂದ ಏಳು ಅಡಿ ಎತ್ತರಕ್ಕೆ, ಪಕ್ಕದ ಮೂಲೆಗೆ ಹಾಕಿಸಿದೆ.

ಹುಸಿ ಅಲಾರಂಗಳಲ್ಲಿ ಹೆಚ್ಚಿನವು ಈ ಸೆನ್ಸರಿನಿಂದಲೇ. ಹೆಂಚಿನ ಮಾಡಿನ ಗಾಜಿನ ಹೆಂಚಿನಿಂದ ಇಳಿಯುವ ಬಿಸಿಲಕೋಲು ಮಧ್ಯಾಹ್ನ ಸರಿಯಾಗಿ ಅದರ ಮುಖದ ಮೇಲೆ ಬೀಳುತ್ತಿತ್ತು. ಬಚ್ಚಲುಮನೆಯ ಹಂಡೆಯ ಒಲೆಗೆ ಬೆಂಕಿ ಹಾಕಿದಾಗ ಬಿಸಿಗಾಳಿ ಪಡಸಾಲೆಗೆ ನುಗ್ಗುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಉಪದ್ರವ ಹಲ್ಲಿಯದು. ದೂರದ ಹಲ್ಲಿಯಿಂದ ಏನೂ ಆಗುವುದಿಲ್ಲ, ಆದರೆ ಮಸೂರದ ಮೇಲೆಯೇ ಹರಿದಾಡುವ ಹಲ್ಲಿ ಆ ಪುಟ್ಟ ಕಣ್ಣಿಗೆ ಆಳೆತ್ತರದ ಪ್ರಾಣಿಯಂತೆ ಕಾಣುತ್ತದೆ. ಮೊದಲ ಮಳೆಗೆ ರೆಕ್ಕೆಗೆದ್ದಲು ಎದ್ದ ಸಂಜೆ ದೀಪದ ಸುತ್ತ ಹುಳು, ಹುಳುವಿನ ಹಿಂದೆ ಹಲ್ಲಿ, ಹಲ್ಲಿಯ ಹಿಂದೆ ಬೆಕ್ಕು, ರಾತ್ರಿಯಿಡೀ ಸೈರನ್. ‘ಏನ್ ಮಗಾ ಇದು, ಕಳ್ಳ ಬಂದ್ರೆ ಬಾಯಿ ಬಿಡಲ್ಲ, ಬೆಕ್ಕು ಬಂದ್ರೆ ಊರೆಲ್ಲ ಎಬ್ಬಿಸ್ತದೆ’ ಎಂದು ಅವ್ವ ನೊಂದುಕೊಂಡು ಹೇಳಿದ ಮಾತು ನನಗೆ ಇಂದಿಗೂ ನಾಟಿಕೊಂಡಿದೆ. ಸೆನ್ಸರನ್ನು ದೀಪದಿಂದ ದೂರಕ್ಕೆ ಒಯ್ದೆ, ತಂತಿ ಹೋಗಲೆಂದು ಡಬ್ಬಿಯ ಬೆನ್ನಿನಲ್ಲಿ ಬಿಟ್ಟಿರುವ ತೂತುಗಳನ್ನು ಇರುವೆ ನುಗ್ಗದಂತೆ ಸಿಲಿಕೋನ್ ಮೇಣದಿಂದ ಮುಚ್ಚಿದೆ. ತಿಂಗಳಿಗೊಮ್ಮೆ ಒಣಬಟ್ಟೆಯಿಂದ ಮಸೂರ ಒರೆಸುತ್ತೇನೆ. ಸೀಮೆಎಣ್ಣೆ, ಸ್ಪಿರಿಟ್ಟು ಮುಟ್ಟಿಸಬಾರದು, ಪ್ಲಾಸ್ಟಿಕ್ ಮಂಕಾಗಬಹುದು.

ನಡೆದು ಪರೀಕ್ಷಿಸುವಾಗ ಒಂದು ಸೂಕ್ಷ್ಮ ನೆನಪಿಡಬೇಕು. ಸೆಲ್ ಉಳಿಸಲೆಂದು ಹಲವು ವೈರ್‌ಲೆಸ್ ಪಿಐಆರ್‌ಗಳು ಒಮ್ಮೆ ಚಲನೆ ಕಂಡ ಮೇಲೆ ಕೆಲವು ನಿಮಿಷ ನಿದ್ದೆಗೆ ಹೋಗುತ್ತವೆ. ಆ ಹೊತ್ತಿನಲ್ಲಿ ಎದುರಿಗೆ ಕುಣಿದರೂ ಅವು ಏನೂ ಹೇಳುವುದಿಲ್ಲ. ಕೆಟ್ಟಿದೆ ಎಂದು ತಿಳಿದು ನಾನು ಒಂದನ್ನು ವಾಪಸು ಕಳುಹಿಸಲು ಪೆಟ್ಟಿಗೆಗೆ ಹಾಕಿಯೂ ಆಗಿತ್ತು. ಪ್ಯಾನೆಲ್ಲಿನಲ್ಲಿ ಪರೀಕ್ಷೆಯ ಸ್ಥಿತಿ ಎಂಬುದಿದ್ದರೆ ಅದನ್ನು ಹಾಕಿಕೊಂಡು ನಡೆಯಬೇಕು. ಇಲ್ಲವಾದರೆ ಕೋಣೆಯನ್ನು ಐದು ನಿಮಿಷ ಖಾಲಿ ಬಿಟ್ಟು ಮತ್ತೆ ಒಳಗೆ ಕಾಲಿಡಬೇಕು.

ಗೋಡೌನಿಗೆ ಮರಳುತ್ತೇನೆ. ಹೊಸ ಸೆನ್ಸರ್ ಹಾಕಿದ ಮೇಲೂ ಅಲ್ಲಿಂದ ಸಂಕೇತ ಆಗಾಗ ತಪ್ಪುತ್ತಿತ್ತು. ಪೆಟ್ಟಿಗೆಯ ಮೇಲೆ ಬರೆದ ದೂರ ಬಯಲಿನದು, ಎದುರಿಗೆ ಏನೂ ಅಡ್ಡವಿಲ್ಲದಾಗಿನದು. ನಮ್ಮ ಗೋಡೌನಿಗೆ ಮೇಲೂ ತಗಡು, ಬಾಗಿಲಿಗೂ ತಗಡು. ಲೋಹ ರೇಡಿಯೋ ಅಲೆಗಳನ್ನು ದಾಟಲು ಬಿಡುವುದಿಲ್ಲ, ಆದ್ದರಿಂದ ತಗಡಿನ ಕೋಣೆಯೊಳಗಿನ ಸೆನ್ಸರ್ ಮುಚ್ಚಿದ ಕೊಪ್ಪರಿಗೆಯೊಳಗೆ ಕೂತು ಮಾತಾಡಿದಂತೆ. ಮನೆಯ ಕಡೆ ನೋಡಿದರೆ ಒಂದೂವರೆ ಅಡಿ ದಪ್ಪದ ಗೋಡೆ, ಅದೂ ಮಳೆಗಾಲದಲ್ಲಿ ನೆನೆದು ನಿಂತದ್ದು. ಇದರ ಜೊತೆಗೆ ಪ್ಯಾನೆಲ್ಲನ್ನು ನಾನು ಫ್ರಿಜ್ಜಿನ ಮೇಲಿನ ಗೋಡೆಗೆ ಹಾಕಿಸಿದ್ದೆ; ಕೆಳಗೊಂದು ದೊಡ್ಡ ಲೋಹದ ಪೆಟ್ಟಿಗೆ ಇಟ್ಟುಕೊಂಡು ರೇಡಿಯೋ ಕೇಳಿಸಬೇಕೆಂದರೆ ಹೇಗೆ? ಪ್ಯಾನೆಲ್ಲನ್ನು ಗೋಡೌನಿನ ಕಡೆಗಿರುವ ಕೋಣೆಯ ಕಿಟಕಿಯ ಬಳಿಗೆ, ಆದರೆ ಹೊರಗಿನಿಂದ ಕಾಣದಂತೆ, ಬದಲಾಯಿಸಿದೆ. ಬಾಗಿಲ ಸೆನ್ಸರನ್ನು ತಗಡಿಗೆ ನೇರವಾಗಿ ಅಂಟಿಸದೆ ಎರಡು ಅಂಗುಲದ ಮರದ ತುಂಡಿನ ಮೇಲೆ ಕೂರಿಸಿದೆ, ಏಕೆಂದರೆ ಕಬ್ಬಿಣ ಅಯಸ್ಕಾಂತದ ಬಲವನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ನಡುವೆ, ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಮನೆಯ ಜಂತೆಗೆ, ಸಂಕೇತವನ್ನು ಹಿಡಿದು ಮುಂದಕ್ಕೆ ದಾಟಿಸುವ ರಿಪೀಟರ್ ಒಂದನ್ನು ಕಟ್ಟಿದೆ. ಈಗ ಪ್ಯಾನೆಲ್ ಆ ಸೆನ್ಸರಿನ ಬಲವನ್ನು ಐದರಲ್ಲಿ ನಾಲ್ಕು ಗೆರೆ ತೋರಿಸುತ್ತದೆ. ಮೊದಲು ಒಂದು ಗೆರೆ ಇತ್ತು. ಈ ಗೆರೆಗಳನ್ನು ಮಳೆಗಾಲದ ನಡುವೆಯೂ ಒಮ್ಮೆ ನೋಡಬೇಕು. ಬೇಸಿಗೆಯಲ್ಲಿ ಬಂದ ಲೆಕ್ಕ ಜುಲೈಗೆ ಸಲ್ಲುವುದಿಲ್ಲ.

ಸೆಲ್‌ಗಳ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ: ಮುಗಿಯುವವರೆಗೆ ಕಾಯಬಾರದು, ತಾರೀಕು ನೋಡಿ ಬದಲಾಯಿಸಬೇಕು. ಹೊಸ ಸೆನ್ಸರುಗಳಲ್ಲಿರುವ 3 ವೋಲ್ಟಿನ ಲಿಥಿಯಂ ಸೆಲ್, ಸಿಆರ್123ಎ ಆಗಲಿ ನಾಣ್ಯದಂಥ ಸಿಆರ್2032 ಆಗಲಿ, ತನ್ನ ಆಯುಷ್ಯದ ಬಹುಭಾಗ ಹತ್ತಿರ ಹತ್ತಿರ 3 ವೋಲ್ಟನ್ನೇ ತೋರಿಸಿ, ಕೊನೆಯಲ್ಲಿ ಥಟ್ಟನೆ ಕುಸಿಯುತ್ತದೆ. ಮಲ್ಟಿಮೀಟರ್ ಹಿಡಿದು ಚೆನ್ನಾಗಿದೆ ಎಂದುಕೊಂಡರೆ ಮೋಸಹೋಗುತ್ತೇವೆ. ಹಳೆಯದಾದ ಸೆಲ್ಲಿನ ಒಳತಡೆ ಹೆಚ್ಚಿರುವುದರಿಂದ, ಸುಮ್ಮನಿದ್ದಾಗ ನೆಟ್ಟಗಿರುವ ವೋಲ್ಟೇಜು ಸಂಕೇತ ಕಳುಹಿಸುವ ಆ ಒಂದು ಕ್ಷಣದಲ್ಲಿ ಬಗ್ಗಿಬಿಡುತ್ತದೆ. ಪ್ರತಿ ಡಬ್ಬಿಯ ಒಳಗೆ ಸೆಲ್ ಹಾಕಿದ ದಿನವನ್ನು ಪೆನ್ನಿನಿಂದ ಬರೆದ ಸಣ್ಣ ಚೀಟಿ ಅಂಟಿಸಿದ್ದೇನೆ. ತಯಾರಕರು ಎರಡು ವರ್ಷ ಬಾಳುತ್ತದೆ ಎಂದಿದ್ದರೆ ನಾನು ಒಂದೂವರೆ ವರ್ಷಕ್ಕೆ ಬದಲಾಯಿಸುತ್ತೇನೆ, ಅದೂ ಕೊಯ್ಲಿಗೆ ಮುಂಚೆ, ಅಕ್ಟೋಬರಿನಲ್ಲಿ. ಬದಲಾಯಿಸುವಾಗ ಸ್ಪ್ರಿಂಗಿನ ತುದಿಯಲ್ಲಿ ಹಸಿರು ಕಿಲುಬು ಕಂಡರೆ ಪೆನ್ಸಿಲ್ಲಿನ ರಬ್ಬರಿನಿಂದ ಉಜ್ಜಿದರೆ ಸಾಕು. ಮಾಮೂಲಿ ಆಲ್ಕಲೈನ್ ಸೆಲ್ ಸೋರಿ ಬಿಳಿಪುಡಿ ಕಟ್ಟಿದ್ದರೆ ಹತ್ತಿಗೆ ನಿಂಬೆರಸ ಅದ್ದಿ ಒರೆಸಿ, ಒದ್ದೆಬಟ್ಟೆಯಿಂದ ಮತ್ತೆ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಹೊಸ ಸೆಲ್ ಹಾಕಬೇಕು. ಹೊಸದು ಹಳೆಯದು ಬೆರೆಸಬಾರದು. ಸಂತೆಯಲ್ಲಿ ರಾಶಿ ಹಾಕಿ ಮಾರುವ ಸೆಲ್‌ಗಳಿಂದ ಹತ್ತು ರೂಪಾಯಿ ಉಳಿಸುವುದಂತೂ ಬೇಡವೇ ಬೇಡ.

ಪ್ಯಾನೆಲ್ಲಿನ ಒಳಗಿರುವ ಬ್ಯಾಟರಿಯನ್ನು ನಾವು ಮರೆತೇಬಿಡುತ್ತೇವೆ. ನಮ್ಮದರಲ್ಲಿ 12 ವೋಲ್ಟ್, 7 ಆಂಪಿಯರ್-ಅವರಿನ ಮುಚ್ಚಿದ ಸೀಸದ ಬ್ಯಾಟರಿ ಇದೆ. ಪ್ಯಾನೆಲ್ 100 ಮಿಲಿಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಂಡರೆ ಕಾಗದದ ಲೆಕ್ಕಕ್ಕೆ 70 ಗಂಟೆ. ನಿಜದಲ್ಲಿ ಅಷ್ಟು ಸಿಗುವುದಿಲ್ಲ, ಹಳೆಯದಾದಷ್ಟೂ ಇನ್ನೂ ಕಡಿಮೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ನಮ್ಮ ಕಡೆ ಕರೆಂಟು ಬರುವುದಕ್ಕೆ ಮೂರು ದಿನವಾದರೂ ಆಗಬಹುದು. ಪೂರ್ತಿ ಇಳಿದು ಖಾಲಿಯಾಗಿಯೇ ಉಳಿದ ಸೀಸದ ಬ್ಯಾಟರಿ ಒಳಗೊಳಗೇ ಹಾಳಾಗುತ್ತದೆ. ಆದ್ದರಿಂದ ಪ್ಯಾನೆಲ್ಲನ್ನು ಮನೆಯ ಯುಪಿಎಸ್ ಲೈನಿಗೆ ಸೇರಿಸಿದ್ದೇನೆ. ಮೂರು ತಿಂಗಳಿಗೊಮ್ಮೆ ಒಂದು ಸಂಜೆ ಅದರ ಪ್ಲಗ್ ಕಿತ್ತಿಟ್ಟು, ಬೆಳಿಗ್ಗೆ ಎದ್ದು ಸೈರನ್ ಒಮ್ಮೆ ಕೂಗಿಸಿ ನೋಡುತ್ತೇನೆ. ಸೈರನ್ನಿನ ದನಿ ಗೊಗ್ಗರಾಗಿದ್ದರೆ ಬ್ಯಾಟರಿಯ ಕಾಲ ಮುಗಿಯಿತೆಂದು ತಿಳಿಯಬೇಕು. ಇಂಥ ಬ್ಯಾಟರಿ ಮೂರರಿಂದ ಐದು ವರ್ಷ ಬಾಳುತ್ತದೆ.

ಗುಡುಗು-ಸಿಡಿಲಿನ ವಿಷಯವನ್ನೂ ಹೇಳಬೇಕು. ಕಾಫಿ ಗಿಡ ಹೂಬಿಡಿಸುವ ಬೇಸಿಗೆಯ ಹೂಮಳೆಯಿಂದ ಮೊದಲುಗೊಂಡು ಮೇ ತಿಂಗಳ ಕೊನೆಯವರೆಗೆ ನಮ್ಮಲ್ಲಿ ಸಿಡಿಲಿನ ಕಾಲ. ವೈರ್‌ಲೆಸ್ ಎಂದ ಮಾತ್ರಕ್ಕೆ ಪ್ಯಾನೆಲ್ಲಿಗೆ ತಂತಿಯೇ ಇಲ್ಲವೆಂದಲ್ಲ. ಕರೆಂಟಿನ ಅಡಾಪ್ಟರ್ ಇದೆ, ಬ್ರಾಡ್‌ಬ್ಯಾಂಡ್ ಕೇಬಲ್ ಇದೆ, ಸಿಡಿಲಿನ ಆಘಾತ ಎರಡರಿಂದಲೂ ಒಳಬರುತ್ತದೆ. ಸರ್ಜ್ ಪ್ರೊಟೆಕ್ಟರ್ ಹಾಕಿದರಷ್ಟೇ ಸಾಲದು, ಅದು ಆ ಆಘಾತವನ್ನು ಇಳಿಸುವುದು ಅರ್ತಿಂಗಿಗೆ. ಅರ್ತಿಂಗಿನ ಗುಂಡಿ ಮಾರ್ಚಿ ತಿಂಗಳಲ್ಲಿ ಒಣಗಿ ಬಿರುಕು ಬಿಟ್ಟಿದ್ದರೆ ಪ್ರೊಟೆಕ್ಟರ್ ಇದ್ದೂ ಇಲ್ಲದಂತೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಆ ಗುಂಡಿಗೆ ಎರಡು ಕೊಡ ನೀರು ಹಾಕಿಸುತ್ತೇನೆ.

ಅಲಾರಂ ನಮಗೆ ಸುದ್ದಿ ಮುಟ್ಟಿಸುವುದು ಸಿಮ್ಮಿನಿಂದ. ಪ್ಯಾನೆಲ್ಲಿನಿಂದ ಕರೆ ಮಾಡುವ ಹಳೆಯ ಡಯಲರ್‌ಗಳು 2ಜಿ ಜಾಲದಲ್ಲಿ ಮಾತ್ರ ಕೆಲಸ ಮಾಡುತ್ತವೆ. ಜಿಯೋದಂತೆ ಆರಂಭದಿಂದಲೇ 4ಜಿಯ ಮೇಲೆ ನಿಂತ ಜಾಲದ ಸಿಮ್ ಅವುಗಳಲ್ಲಿ ನಡೆಯುವುದಿಲ್ಲ. ನಿಮ್ಮ ಗುಡ್ಡದ ಮರೆಯಲ್ಲಿ ಯಾವ ಜಾಲ ನಿಲ್ಲುತ್ತದೆ ಎಂಬುದನ್ನು ಪ್ಯಾನೆಲ್ ಇಡುವ ಜಾಗದಲ್ಲಿಯೇ ಫೋನು ಹಿಡಿದು ನೋಡಿ ತೀರ್ಮಾನಿಸಬೇಕು. ರೀಚಾರ್ಜ್ ಮುಗಿದದ್ದು ನಮಗೆ ತಿಳಿಯುವುದಿಲ್ಲ, ಏಕೆಂದರೆ ಕಂಪನಿಯ ಸಂದೇಶ ಬರುವುದು ಪ್ಯಾನೆಲ್ಲಿನೊಳಗೆ ಕೂತಿರುವ ಆ ಸಿಮ್ಮಿಗೆ. ಹಿಂದೊಮ್ಮೆ ನಾನೇ ಹೀಗೆ ಎರಡು ತಿಂಗಳು ಮರೆತಿದ್ದೆ. ಈಗ ವರ್ಷದ ರೀಚಾರ್ಜನ್ನು ಯುಗಾದಿಯ ವಾರದಲ್ಲಿ ಮಾಡಿಸುತ್ತೇನೆ, ಹಬ್ಬದ ಸಾಮಾನಿನ ಚೀಟಿಯಲ್ಲಿ ಅದೂ ಒಂದು ಸಾಲು.

ಕರೆ ಹೋಗುವ ನಂಬರುಗಳ ಸರದಿಯನ್ನು ನಾನು ಮೊದಲು ತಪ್ಪಾಗಿ ಇಟ್ಟಿದ್ದೆ. ಮೊದಲನೆಯದು ನನ್ನದು, ಎರಡನೆಯದು ಬೆಂಗಳೂರಿನಲ್ಲಿರುವ ಮಗನದು. ರಾತ್ರಿ ಎರಡು ಗಂಟೆಗೆ ಬೆಂಗಳೂರಿನಲ್ಲಿ ಫೋನು ಬಡಿದುಕೊಂಡರೆ ಅವನು ಗಾಬರಿಯಾಗುವುದನ್ನು ಬಿಟ್ಟು ಏನು ಮಾಡಿಯಾನು? ಈಗ ನನ್ನ ನಂತರ ಪಕ್ಕದ ತೋಟದ ಗೌಡರದು, ಆಮೇಲೆ ರೈಟರದು, ಕೊನೆಗೆ ಮಗನದು. ಕರೆ ಬಂದಾಗ ಏನು ಮಾಡಬೇಕೆಂಬುದನ್ನೂ ಮಾತಾಡಿಕೊಂಡಿದ್ದೇವೆ. ಆನೆ ಓಡಾಡುವ ಸೀಮೆ ಇದು. ಸೈರನ್ ಕೂಗಿತೆಂದು ಟಾರ್ಚು ಹಿಡಿದು ಒಬ್ಬರೇ ತೋಟದೊಳಗೆ ಓಡುವುದು ಕಳ್ಳನಿಗಿಂತ ದೊಡ್ಡ ಅಪಾಯ. ಮೊದಲು ಅಂಗಳದ ದೀಪಗಳನ್ನೆಲ್ಲ ಹಾಕಬೇಕು, 112ಕ್ಕೆ ಫೋನು ಮಾಡಬೇಕು, ಗೌಡರು ಜೀಪಿನಲ್ಲಿ ಬಂದ ಮೇಲೆಯೇ, ಜೀಪಿನಲ್ಲಿಯೇ, ಗೋಡೌನಿನ ಕಡೆಗೆ ಹೋಗಬೇಕು.

ಹುಸಿ ಅಲಾರಂ ಕಡಿಮೆ ಮಾಡಬೇಕೆಂದು ನಾನು ಇಷ್ಟು ಹಟ ಹಿಡಿಯುವುದಕ್ಕೆ ಕಾರಣವೂ ಇದೇ. ಹಳೆಯ ಕಿಟ್ಟಿನ ಮೊದಲ ಮಳೆಗಾಲದಲ್ಲಿ ಗೌಡರು ನಾಲ್ಕು ಸಲ ರಾತ್ರಿ ಎದ್ದು ಬಂದಿದ್ದರು, ನಾಲ್ಕು ಸಲವೂ ಹಲ್ಲಿ. ಐದನೆಯ ಸಲ ಅವರ ಮನೆಯ ದೀಪ ಹೊತ್ತಿಕೊಳ್ಳಲಿಲ್ಲ. ಅವರ ಮೇಲೆ ನನಗೆ ಸ್ವಲ್ಪವೂ ಬೇಸರವಿಲ್ಲ, ಅವರ ಜಾಗದಲ್ಲಿ ನಾನಿದ್ದರೂ ಹಾಗೆಯೇ ಮಾಡುತ್ತಿದ್ದೆ. ಹೊಸ ವ್ಯವಸ್ಥೆ ಹಾಕಿದ ಮೇಲೆ ಅವರ ಮನೆಗೆ ಹೋಗಿ, ಕಾಫಿ ಕುಡಿಯುತ್ತ, ಏನೇನು ಬದಲಾಯಿಸಿದ್ದೇನೆಂದು ವಿವರಿಸಿ ಮತ್ತೆ ಅವರ ಒಪ್ಪಿಗೆ ಕೇಳಿದೆ. ಆ ಅರ್ಧ ಗಂಟೆ ನಾನು ಖರ್ಚು ಮಾಡಿದ ಯಾವ ಹಣಕ್ಕಿಂತಲೂ ಹೆಚ್ಚು ಬೆಲೆಯದು.

ಮನೆಯೊಳಗಿನವರು ಬಳಸಲಾಗದ ವ್ಯವಸ್ಥೆ ಎಷ್ಟು ದುಬಾರಿಯಾಗಿದ್ದರೂ ಉಪಯೋಗವಿಲ್ಲ. ಅವ್ವನಿಗೆ ಎಂಬತ್ತು ದಾಟಿದೆ, ಸಂಖ್ಯೆ ಒತ್ತುವುದು ಆಗುವುದಿಲ್ಲ. ಅವರ ರಿಮೋಟಿನಲ್ಲಿ ಬೇಡದ ಮೂರು ಗುಂಡಿಗಳ ಮೇಲೆ ಟೇಪು ಅಂಟಿಸಿ, ಆಪತ್ತಿನ ಕೆಂಪು ಗುಂಡಿಯೊಂದನ್ನೇ ಬಿಟ್ಟು, ದಾರ ಕಟ್ಟಿ ಮಂಚದ ಕಾಲಿಗೆ ನೇತುಹಾಕಿದ್ದೇನೆ. ರಾತ್ರಿ ಮನೆಯಲ್ಲಿ ಇರುವಾಗ ಬಾಗಿಲು, ಗೋಡೌನು ಮಾತ್ರ ಕಾವಲಿನಲ್ಲಿರುತ್ತವೆ, ಒಳಗಿನ ಪಿಐಆರ್ ಮಲಗಿರುತ್ತವೆ. ಇಲ್ಲವಾದರೆ ಅವ್ವ ನೀರಿಗೆಂದು ಏಳುವುದೂ ಅಲಾರಂ ಆಗುತ್ತಿತ್ತು. ಮುಂಬಾಗಿಲಿನಿಂದ ಬಂದು ಸಂಖ್ಯೆ ಒತ್ತಲು 30 ಸೆಕೆಂಡು ಸಾಲುತ್ತಿರಲಿಲ್ಲ, 45ಕ್ಕೆ ಏರಿಸಿದೆ. ರೈಟರಿಗೆ, ಮನೆಗೆಲಸಕ್ಕೆ ಬರುವವರಿಗೆ ಬೇರೆ ಬೇರೆ ಸಂಖ್ಯೆ ಕೊಟ್ಟಿದ್ದೇನೆ. ಕೆಲಸ ಬಿಟ್ಟು ಹೋದವರ ಸಂಖ್ಯೆಯನ್ನು ಅಂದೇ ಅಳಿಸುತ್ತೇನೆ, ಅವರ ಮೇಲೆ ಅನುಮಾನವಿದೆ ಎಂದಲ್ಲ, ಮುಂದೆ ಏನಾದರೂ ಆದಾಗ ಅವರ ಮೇಲೆ ಅನುಮಾನ ಬರಬಾರದೆಂದು.

ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಮನೆಯಲ್ಲಿ ಪರೀಕ್ಷೆ. ಗೌಡರಿಗೂ ಲೈನ್ ಮನೆಯವರಿಗೂ ಮೊದಲೇ ಹೇಳಿರುತ್ತೇನೆ. ರೈಟರು ಒಂದೊಂದೇ ಬಾಗಿಲು ತೆರೆಯುತ್ತ ಹೋಗುತ್ತಾರೆ, ನಾನು ಪ್ಯಾನೆಲ್ಲಿನ ಮುಂದೆ ನಿಂತು ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತೇನೆ. ಕೊನೆಗೆ ಅವ್ವ ಕೆಂಪು ಗುಂಡಿ ಒತ್ತುತ್ತಾರೆ. ಈ ತಿಂಗಳ ಪುಟದಲ್ಲಿ ಎಂಟು ಗುರುತುಗಳಿವೆ, ಪಲ್ಪರ್ ಮನೆಯ ಹಿಂಬಾಗಿಲಿನ ಮುಂದೆ ಮಾತ್ರ ‘ಎರಡನೇ ಸಲಕ್ಕೆ ಬಂತು’ ಎಂದು ಬರೆದಿದ್ದೇನೆ. ಅದರ ಸೆಲ್ ಚೀಟಿಯಲ್ಲಿ ಹದಿನಾರು ತಿಂಗಳ ಹಿಂದಿನ ತಾರೀಕಿದೆ. ನಾಳೆ ಮೂಡಿಗೆರೆಗೆ ಹೋದಾಗ ಹೊಸದು ತರಬೇಕು.